ತಡವಾಗಿ ತಲುಪಿದ ಠುಮ್ರಿ



ರೇಡಿಯೋದಲ್ಲಿ ಹಳೆಯ ಹಿಂದಿ ಚಿತ್ರಗೀತೆ ಕೇಳುತ್ತ ಬೆಳೆದವರಿಗೆ ಮನ್ನಾ ಡೇ ಹಾಡಿದ ಒಂದು ನಗೆಹಾಡು ನೆನಪಿರಬೇಕು. 1964ರ ‘ದೂಜ್ ಕಾ ಚಾಂದ್’ ಚಿತ್ರದ್ದು. ಸಂಗೀತ ರೋಶನ್ ಅವರದು, ತೆರೆಯ ಮೇಲೆ ಹಾಸ್ಯನಟ ಆಗಾ. ಹೂವಿನ ಚೆಂಡು ಎಸೆಯಬೇಡವೆಂದು ಅಂಗಲಾಚುವ ಹಾಡು ಅದು. ಮನ್ನಾ ಡೇ ಅದರಲ್ಲಿ ಶಾಸ್ತ್ರೀಯ ಸಂಗೀತದ ತಾನ್, ತಿರುವು, ಸರಗಮ್ ಎಲ್ಲವನ್ನೂ ನಗಿಸುವುದಕ್ಕೆಂದೇ ಬಳಸುತ್ತಾರೆ. ಕೇಳಿ ನಕ್ಕು ಮರೆಯುವ ಹಾಡು ಎಂದುಕೊಂಡರೆ ಮರೆಯಲೂ ಆಗುವುದಿಲ್ಲ, ಅಷ್ಟು ಚೆನ್ನಾಗಿದೆ.

ಆದರೆ ಅದರ ಪಲ್ಲವಿ ಚಿತ್ರಕ್ಕಾಗಿ ಹುಟ್ಟಿದ್ದಲ್ಲ. ಅದು ಕಾಶಿಯದು. ಭೈರವಿಯಲ್ಲಿ ಹಾಡುವ ಒಂದು ಹಳೆಯ ಠುಮ್ರಿ. ಅದಕ್ಕೆ ನಾಡಿನಲ್ಲೆಲ್ಲ ಹೆಸರು ತಂದವರು ಬನಾರಸದ ರಸೂಲನ್ ಬಾಯಿ. ನಮ್ಮಲ್ಲಿ ಬಹುಪಾಲು ಜನ ಇದನ್ನು ಹಿಂದುಮುಂದಾಗಿ ಕೇಳಿದ್ದೇವೆ. ಮೊದಲು ನಗೆಹಾಡು. ಆಮೇಲೆ ಎಷ್ಟೋ ವರ್ಷಕ್ಕೆ, ಯಾರೋ ಹೇಳಿ, ಎಲ್ಲೋ ಸಿಕ್ಕಿ, ಮೂಲ. ಹಾಗೆ ಕೇಳಿದಾಗ ಮೊದಲ ಅರ್ಧ ನಿಮಿಷ ಗೊಂದಲವೇ. ತುಟಿಯ ಅಂಚಿಗೆ ನಗು ಬಂದು ನಿಂತಿರುತ್ತದೆ. ಅತ್ತ ಆ ಹೆಂಗಸಿನ ಗಂಟಲು ನಗುವುದಕ್ಕೆ ಎಡೆಯನ್ನೇ ಕೊಡುವುದಿಲ್ಲ. ತುಸು ಒರಟು, ತುಸು ಮಣ್ಣಿನ ವಾಸನೆಯ ದನಿ. ಸುರವನ್ನು ನೇರ ಹೋಗಿ ಹಿಡಿದು ಅಲ್ಲೇ ಒಂದು ಚಿಕ್ಕ ನಡುಕ ಕೊಟ್ಟು ಬಿಡುವ ದನಿ. ಅದರಲ್ಲಿ ಮುದ್ದು ಇದೆ, ಅಣಕ ಇದೆ, ಬೇಡುವಿಕೆಯೂ ಇದೆ. ಮೂರೂ ಒಂದೇ ಸಾಲಿನಲ್ಲಿ ಇವೆ.

ವರ್ಷಗಳ ಮೇಲೆ ಕೈಗೆ ಬಂದ ಹಳೆಯ ಸಂಗೀತದ ಬಗ್ಗೆ ಇಂದು ನಾಲ್ಕು ಮಾತಾಡಬೇಕೆಂದಿದ್ದೇನೆ. ಸಾಮಾನ್ಯವಾಗಿ ಈ ಮಾತು ಬಂದ ಕೂಡಲೇ ‘ಹಳೆಯದೇ ಚಿನ್ನ’ ಎನ್ನುವ ರಾಗ ಶುರುವಾಗುತ್ತದೆ. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಹಳೆಯದರಲ್ಲಿ ಕಸವೂ ಸಾಕಷ್ಟಿತ್ತು. ನನ್ನ ಪ್ರಶ್ನೆ ಬೇರೆ: ಇಷ್ಟು ಒಳ್ಳೆಯದು ನಮಗೆ ಸಿಗಲು ಇಷ್ಟು ತಡವೇಕಾಯಿತು? ಕಾಲ ಕಳೆದದ್ದರಿಂದಲೇ ಅದು ಮರೆಯಾಯಿತೆ, ಅಥವಾ ಯಾರಾದರೂ ಅದನ್ನು ಮರೆಗೆ ಸರಿಸಿದರೆ?

ರಸೂಲನ್ ಬಾಯಿಯ ಕಥೆಯನ್ನೇ ಹಿಡಿಯೋಣ. 1902ರಲ್ಲಿ ಮಿರ್ಜಾಪುರ ಜಿಲ್ಲೆಯ ಕಛವಾ ಬಜಾರಿನಲ್ಲಿ ಹುಟ್ಟಿದವರು. ಬಡ ಮನೆ. ತಾಯಿ ಹಾಡುಗಾರ್ತಿ. ಉಸ್ತಾದ್ ಶಮ್ಮು ಖಾನರ ಬಳಿ ಕಲಿಕೆ, ಆಮೇಲೆ ಸಾರಂಗಿವಾದಕರ ಬಳಿ ಸಾಧನೆ. ಟಪ್ಪಾ ಎಂಬ ಬಹಳ ಕಷ್ಟದ ಪ್ರಕಾರದಲ್ಲಿ ಅವರಿಗೆ ಸಮನಾದವರು ಕಡಿಮೆ. ಸುರಗಳನ್ನು ಗೊಂಚಲು ಗೊಂಚಲಾಗಿ ಥಟ್ಟನೆ ಉದುರಿಸುವ ಆ ಟಪ್ಪಾದ ಚಳಕ ಅವರ ಠುಮ್ರಿಗೂ ಇಳಿದಿದೆ. ಕಾಶಿಯ ಕೋಠಾಗಳೆಂಬ ಗಾಯಕಿಯರ ಮಾಳಿಗೆಮನೆಗಳಲ್ಲಿ, ರಾಜರ ದರ್ಬಾರುಗಳಲ್ಲಿ ಹಾಡಿ ದೊಡ್ಡ ಹೆಸರಾದರು.

1935ರಲ್ಲಿ ಅವರು ಗ್ರಾಮಫೋನ್ ಕಂಪನಿಗೆ ಈ ಠುಮ್ರಿಯನ್ನು ಹಾಡಿ ಕೊಟ್ಟರು. ಆದರೆ ಆ ಪ್ಲೇಟಿನಲ್ಲಿರುವ ಸಾಹಿತ್ಯ ನಾವು ಕೇಳುತ್ತ ಬಂದಿರುವ ಸಾಹಿತ್ಯವಲ್ಲ. ಆಮೇಲೆ ಜನಪ್ರಿಯವಾದ ಪಾಠದಲ್ಲಿ ಹೂಚೆಂಡಿನ ಪೆಟ್ಟು ಬೀಳುವುದು ಗುಂಡಿಗೆಗೆ. 1935ರ ಪ್ಲೇಟಿನಲ್ಲಿ ಬೀಳುವುದು ಹರೆಯ ತುಂಬಿದ ಮೈಗೆ. ಒಂದೇ ಒಂದು ಶಬ್ದ ಬದಲಾಗಿದೆ. ರಾಗ ಅದೇ, ಧಾಟಿ ಅದೇ. ಮೈ ಹೋಗಿ ಮನಸ್ಸು ಬಂದಿದೆ, ಅಷ್ಟೆ. ಆ ಮೊದಲಿನ ಪಾಠವನ್ನು ರಸೂಲನ್ ಬಾಯಿ ಮತ್ತೆಂದೂ ಹಾಡಲಿಲ್ಲ. ಪ್ಲೇಟೂ ಜನರ ನೆನಪಿನಿಂದ ಜಾರಿತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಚಿತ್ರನಿರ್ದೇಶಕಿ ಸಬಾ ದೀವಾನ್ ಆ ಕಳೆದುಹೋದ ಪಾಠದ ಬೆನ್ನು ಹತ್ತಿ ವಾರಾಣಸಿ, ಲಖನೌ, ಬಿಹಾರದ ಮುಜಫ್ಫರಪುರ ಸುತ್ತಿದರು. 2009ರಲ್ಲಿ ಬಂದ ಅವರ ಸಾಕ್ಷ್ಯಚಿತ್ರ ‘ದಿ ಅದರ್ ಸಾಂಗ್’ ಈ ಹುಡುಕಾಟದ ಕಥೆಯೇ. ಹತ್ತು ವರ್ಷದ ಮೇಲೆ, 2019ರಲ್ಲಿ, ಅವರು ‘ತವಾಯಫ್‌ನಾಮಾ’ ಎಂಬ ದೊಡ್ಡ ಪುಸ್ತಕವನ್ನೂ ಬರೆದರು. ಒಂದು ಶಬ್ದ ಹುಡುಕಲು ಹೊರಟವರಿಗೆ ತವಾಯಫರ, ಅಂದರೆ ಹಾಡು-ಕುಣಿತವನ್ನೇ ವೃತ್ತಿಯಾಗಿಸಿಕೊಂಡ ಬಾಯಿಯರ, ಒಂದು ಲೋಕವೇ ಸಿಕ್ಕಿತು ಎನ್ನಬೇಕು.

ಆ ಲೋಕದ ವಿಳಾಸ ನಮಗೆ ತೀರ ದೂರದ್ದಲ್ಲ. ಕಾಶಿಗೆ ಹೋಗುವ ನಮ್ಮ ಕಡೆಯ ಎಷ್ಟೋ ಜನ ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುತ್ತಾರೆ. ಗಂಗಾಸ್ನಾನ, ವಿಶ್ವನಾಥನ ದರ್ಶನ, ಅನ್ನಪೂರ್ಣೆ, ಕಾಲಭೈರವ, ಹಿರಿಯರ ಕಾರ್ಯ, ಆಮೇಲೆ ಒಂದು ಸೀರೆ, ಕೈಯಲ್ಲಿ ಗಂಗೆಯ ಗಿಂಡಿ. ಮಠದಿಂದ ಚೌಕದ ಕಡೆ ನಡೆದರೆ ಹೆಚ್ಚು ಹೊತ್ತು ಹಿಡಿಯದ ದಾರಿಯಲ್ಲಿ ದಾಲ್‌ಮಂಡಿ ಎಂಬ ಓಣಿ ಇದೆ. ಈಚಿನವರೆಗೂ ಅಲ್ಲಿ ಮದುವೆ ಸಾಮಾನು, ಬಟ್ಟೆ, ಮೊಬೈಲಿನ ಬಿಡಿಭಾಗಗಳ ಅಂಗಡಿ ಸಾಲು ಇತ್ತು. ತಲೆ ಎತ್ತಿ ನೋಡುವವರು ಕಡಿಮೆ ಇದ್ದರು. ನೋಡಿದರೆ ಹಳೆಯ ಮಾಳಿಗೆಗಳು ಕಾಣುತ್ತಿದ್ದವು. ಒಂದು ಕಾಲಕ್ಕೆ ಕಾಶಿಯ ಬಾಯಿಯರ ಸಂಗೀತ ಇಳಿದು ಬೀದಿಗೆ ಬರುತ್ತಿದ್ದದ್ದು ಅಂಥ ಮಾಳಿಗೆಗಳಿಂದ.

ಅಲ್ಲಿ ಹಾಡುತ್ತಿದ್ದದ್ದು ಠುಮ್ರಿ ಒಂದನ್ನೇ ಅಲ್ಲ. ಕಾಶಿಯ ಸಂಗೀತಕ್ಕೆ ಪಂಚಾಂಗವಿದೆ. ಚೈತ್ರ ಬಂದರೆ ಚೈತಿ, ಶ್ರಾವಣದ ಮಳೆಗೆ ಕಜರಿ ಮತ್ತು ಝೂಲಾ, ಹೋಳಿಗೆ ಹೋರಿ. ಹೋಳಿ ಮುಗಿದ ಮೇಲಿನ ಮಂಗಳವಾರ ‘ಬುಢವಾ ಮಂಗಲ್’ ಎಂಬ ಜಾತ್ರೆ. ಆ ದಿನಗಳಲ್ಲಿ ಗಂಗೆಯ ಮೇಲೆ ಸಿಂಗರಿಸಿದ ದೊಡ್ಡ ದೋಣಿಗಳು, ದೋಣಿಯಲ್ಲಿ ಬಿಳಿ ಹಾಸು, ರಾತ್ರಿಯಿಡೀ ಬಾಯಿಯರ ಗಾಯನ. ಕೇಳುವವರು ಸುತ್ತಲಿನ ದೋಣಿಗಳಲ್ಲಿ, ಘಾಟಿನ ಮೆಟ್ಟಿಲುಗಳಲ್ಲಿ.

ಬನಾರಸದ ಠುಮ್ರಿ ಅವಸರದ್ದಲ್ಲ. ಅಲ್ಲಿಯವರು ‘ಬೋಲ್ ಬನಾವ್’ ಎನ್ನುತ್ತಾರೆ. ಒಂದೇ ಸಾಲನ್ನು ಹಿಡಿದು, ಅದೇ ಮಾತನ್ನು ಒಮ್ಮೆ ಮುನಿಸಿನಲ್ಲಿ, ಒಮ್ಮೆ ಸೋತು, ಒಮ್ಮೆ ಕೆಣಕುತ್ತ, ಒಮ್ಮೆ ತನಗೆ ತಾನೇ ಹೇಳಿಕೊಂಡಂತೆ ಹಾಡುತ್ತ ಹೋಗುವುದು. ಶಬ್ದಗಳು ನಾಲ್ಕೋ ಐದೋ, ಅರ್ಥ ಮುಗಿಯುವುದಿಲ್ಲ. ಕೊನೆಗೆ ತಬಲಾದವನು ಲಗ್ಗಿಗೆ ಹೊರಳಿ ಲಯ ಇಮ್ಮಡಿಸಿದಾಗ ಇಡೀ ಸಭೆ ಹಗುರಾಗುತ್ತದೆ. ಧಾರವಾಡ, ಹುಬ್ಬಳ್ಳಿಯ ಕಚೇರಿಗಳಲ್ಲಿ ನಾವು ಠುಮ್ರಿಯನ್ನು ಕೊನೆಯ ಹೊತ್ತಿಗೆ, ಊಟದ ಮೇಲಿನ ಹೋಳಿಗೆಯ ಹಾಗೆ ಬಡಿಸಿಕೊಂಡು ರೂಢಿ. ಕಾಶಿಯಲ್ಲಿ ಅದೇ ಊಟ. ಇದು ತಿಳಿಯದೆ ರಸೂಲನ್ ಬಾಯಿಯನ್ನು ಕೇಳಿದರೆ ಅರ್ಧ ಕೇಳಿದಂತೆ.

ಇದೇ ಓಣಿಗಳಲ್ಲಿ ಒಬ್ಬ ಹುಡುಗ ಓಡಾಡಿಕೊಂಡಿದ್ದ. ಬಿಹಾರದ ಡುಮ್ರಾಂವಿನಲ್ಲಿ 1916ರಲ್ಲಿ ಹುಟ್ಟಿ, ಸೋದರಮಾವ ಅಲಿ ಬಖ್ಷರ ಬಳಿ ಶಹನಾಯಿ ಕಲಿಯಲು ಕಾಶಿಗೆ ಬಂದವನು. ರಿಯಾಜಿಗೆ ಬಾಲಾಜಿ ದೇವಸ್ಥಾನಕ್ಕೆ ಹೋಗಬೇಕು. ಹೋಗಲು ಬೇರೆ ದಾರಿಯಿದ್ದರೂ ರಸೂಲನ್ ಮತ್ತು ಬತೂಲನ್ ಸೋದರಿಯರ ಮನೆಯ ಮುಂದಿನ ದಾರಿಯೇ ಅವನಿಗೆ ಇಷ್ಟ. ಠುಮ್ರಿ, ಟಪ್ಪಾ, ದಾದರಾ ಮೇಲಿನಿಂದ ಕಿವಿಗೆ ಬೀಳುತ್ತಿದ್ದವು. ಸಂಗೀತದ ರುಚಿ ತನಗೆ ಮೊದಲು ಹತ್ತಿದ್ದು ಅಲ್ಲಿ ಎಂದು ಉಸ್ತಾದ್ ಬಿಸ್ಮಿಲ್ಲಾ ಖಾನ್ ಮುಂದೆ ಹಲವು ಸಲ ಹೇಳಿಕೊಂಡರು. ಭಾರತರತ್ನ ಬಂದ ಮೇಲೂ ಆ ಋಣವನ್ನು ಮುಚ್ಚಿಡಲಿಲ್ಲ.

ಕನ್ನಡಿಗರಿಗೆ ಬಿಸ್ಮಿಲ್ಲಾ ಖಾನರ ಶಹನಾಯಿ ಎಂದರೆ ಮೊದಲು ನೆನಪಾಗುವುದು 1977ರ ‘ಸನಾದಿ ಅಪ್ಪಣ್ಣ’. ತೆರೆಯ ಮೇಲೆ ರಾಜಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್, ಊದಿದವರು ಕಾಶಿಯ ಉಸ್ತಾದರು. ಎಸ್. ಜಾನಕಿಯವರ ದನಿಯ ಜೊತೆಜೊತೆಗೆ ಆ ಶಹನಾಯಿ ಮಾತನ್ನು ಎತ್ತಿಕೊಂಡು ಹೊರಳಿಸುವುದನ್ನು ಇನ್ನೊಮ್ಮೆ ಗಮನವಿಟ್ಟು ಕೇಳಿ. ಅದು ವಾದ್ಯ ಹಾಡುವ ಬೋಲ್ ಬನಾವ್. ರಸೂಲನ್ ಬಾಯಿಯ ಹೆಸರು ಕೇಳದ ನಮ್ಮ ಹಳ್ಳಿಯ ಟೆಂಟ್ ಸಿನಿಮಾದ ಪ್ರೇಕ್ಷಕನೂ ಆಕೆಯ ಮಾಳಿಗೆಯಿಂದ ಇಳಿದು ಬಂದದ್ದರ ಒಂದು ಪಾಲನ್ನು ಅಂದೇ ಕೇಳಿಬಿಟ್ಟಿದ್ದ ಎಂದು ನಾನು ನಂಬುತ್ತೇನೆ.

ಇನ್ನು ಪ್ಲೇಟಿನ ವಿಚಾರ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕರಿ ತಟ್ಟೆ ಮಾಡುತ್ತಿದ್ದದ್ದು ಅರಗಿನಿಂದ. ಪಾಂಡವರಿಗೆ ಮನೆ ಕಟ್ಟಿಸಿದರಲ್ಲ, ಅದೇ ಅರಗು. ಮರದ ಕೊಂಬೆಗೆ ಅಂಟುವ ಪುಟ್ಟ ಹುಳುಗಳ ಸ್ರಾವ. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಬಿಸಿಯಲ್ಲಿ ಒತ್ತುತ್ತಿದ್ದರು. ಆ ಕಾಲದಲ್ಲಿ ಅರಗಿನ ಉದ್ಯಮಕ್ಕೆ ಹೆಸರಾದ ಊರುಗಳಲ್ಲಿ ಮಿರ್ಜಾಪುರವೂ ಒಂದು. ರಸೂಲನ್ ಬಾಯಿಯ ಜಿಲ್ಲೆಯೇ. ಆಕೆಯ ದನಿ ಮತ್ತು ಆ ದನಿ ಕೂತ ವಸ್ತು ಒಂದೇ ಸೀಮೆಯ ಬೆಳೆ. ಒಂದು ಬದಿಗೆ ಮೂರು, ಮೂರೂವರೆ ನಿಮಿಷ ಮಾತ್ರ. ರಾತ್ರಿಯಿಡೀ ಹಾಡುವ ಬಾಯಿ ಮೂರು ನಿಮಿಷದಲ್ಲಿ ಏನು ಹಾಡಿಯಾಳು? ಅಲ್ಲೇ ಇರುವುದು ಚಮತ್ಕಾರ. ಆಲಾಪಕ್ಕೆ ಒಂದು ಉಸಿರು, ಸ್ಥಾಯಿಗೆ ಒಂದಿಷ್ಟು, ಬೋಲ್ ಬನಾವಿಗೆ ನಾಲ್ಕೈದು ಹೊರಳು, ಕೊನೆಗೆ ಲಗ್ಗಿಯ ಒಂದು ಮಿಂಚು. ಮುಗಿಯಿತು. ಇದನ್ನು ಸಂಗೀತದ ಕೊಲೆ ಎಂದವರು ಆಗಲೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಹಾಡುವವಳಿಗೆ ತನ್ನಲ್ಲಿರುವುದರಲ್ಲಿ ಬಿಡಲೇಬಾರದ್ದು ಯಾವುದೆಂದು ಗೊತ್ತಿದ್ದರೆ ಮೂರು ನಿಮಿಷ ಸಾಕು.

ಈ ಕಲೆಯನ್ನು ಎಲ್ಲರಿಗಿಂತ ಮೊದಲು ಅರಿತವರು ಗೌಹರ್ ಜಾನ್. ಆಕೆಯೂ ಬನಾರಸದ ನೀರು ಕುಡಿದವರೇ. 1873ರಲ್ಲಿ ಆಜಮಗಢದಲ್ಲಿ ಏಂಜಲಿನಾ ಎಂಬ ಹೆಸರಿನಲ್ಲಿ ಹುಟ್ಟಿದ ಮಗು. ತಂದೆ ಆರ್ಮೇನಿಯನ್ ಮೂಲದವರು. ಗಂಡ ಬಿಟ್ಟ ಮೇಲೆ ತಾಯಿ ವಿಕ್ಟೋರಿಯಾ ಮಗಳನ್ನು ಕರೆದುಕೊಂಡು ಕಾಶಿಗೆ ಬಂದು, ಧರ್ಮ ಬದಲಿಸಿ, ಮಲ್ಕಾ ಜಾನ್ ಎಂಬ ಹೆಸರಾಂತ ಗಾಯಕಿಯಾದರು. ಮಗಳು ಗೌಹರ್ ಆದಳು. 1883ರಲ್ಲಿ ಇಬ್ಬರೂ ಕಲಕತ್ತೆಗೆ ಹೋದರು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರ ತನ್ನ ಯಂತ್ರ ಹೊತ್ತು ಕಲಕತ್ತೆಗೆ ಬಂದಾಗ ಗೌಹರ್ ಅದರ ಮುಂದೆ ಕೂತು ಹಾಡಿದರು. ಆಗ ಮೈಕು ಇರಲಿಲ್ಲ. ದೊಡ್ಡ ಕಹಳೆಯೊಳಗೆ ತಲೆ ಚಾಚಿ ಕೂಗಿ ಹಾಡಬೇಕಿತ್ತು. ಹಾಡು ಮುಗಿದ ಕೂಡಲೇ ಆಕೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾರೆ. ಅದು ಜಂಬವಲ್ಲ. ಮೇಣದ ಮೂಲಮುದ್ರಿಕೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕು. ಅಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ, ಅದಕ್ಕೆ. ಮುಂದೆ ಆಕೆ ಹತ್ತಾರು ಭಾಷೆಗಳಲ್ಲಿ ಸುಮಾರು 600 ಪ್ಲೇಟು ಕೊಟ್ಟರು ಎಂದು ಲೆಕ್ಕ.

ಗೌಹರ್ ಜಾನ್ ಕಥೆ ಮುಗಿಯುವುದು ನಮ್ಮ ಮೈಸೂರಿನಲ್ಲಿ. ಹಣ, ವ್ಯಾಜ್ಯ, ನಂಬಿಕೆದ್ರೋಹ ಎಲ್ಲದರಲ್ಲಿ ಸೋತು ಸುಣ್ಣವಾಗಿದ್ದ ಆಕೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟಿನಲ್ಲಿ ಆಸ್ಥಾನ ವಿದುಷಿಯಾಗಿ ನೇಮಿಸಿಕೊಂಡರು. ವಾಸಕ್ಕೆ ದಿಲ್‌ಖುಷ್ ಕಾಟೇಜ್. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಾದ ಮೇಲೆ ಮೈಸೂರು ಆಕೆಯನ್ನು ಮರೆತೇಬಿಟ್ಟಿತು. ಒಡೆಯರ ಇತಿಹಾಸ ಬರೆಯಲು ಅರಮನೆಯ ದಫ್ತರಗಳನ್ನು ತಡಕುತ್ತಿದ್ದ ಬೆಂಗಳೂರಿನ ವಿಕ್ರಂ ಸಂಪತ್ ಅವರಿಗೆ ಅಲ್ಲಿ ಗೌಹರ್ ಜಾನ್ ಹೆಸರಿನ ಕಾಗದಪತ್ರಗಳು ಎದುರಾದವು. 2010ರಲ್ಲಿ ಆಕೆಯ ಜೀವನಚರಿತ್ರೆ ಬಂತು. ಆ ಕೆಲಸದ ಬೆನ್ನಿಗೇ ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರೂ ಕೇಳುವಂತೆ ಇಡುವ ಒಂದು ಸಂಗ್ರಹವನ್ನೂ ಅವರು ಕಟ್ಟಿದರು. ಎಂಬತ್ತು ವರ್ಷ ಮೈಸೂರಿನ ಕಡತಗಳಲ್ಲಿ ಮಲಗಿದ್ದ ಹೆಸರು ಹೀಗೆ ಎದ್ದು ಬಂತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ರಸೂಲನ್ ಬಾಯಿಯ ಶಬ್ದವನ್ನು ಬದಲಿಸಿದ್ದು ಯಾರು? ಒಬ್ಬ ವ್ಯಕ್ತಿಯ ಕಡೆ ಬೆರಳು ತೋರಿಸಲಾಗದು. ಗಾಳಿಯೇ ಬದಲಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಮ್ಮ ಸಂಗೀತವನ್ನು ‘ಮರ್ಯಾದಸ್ಥ’ ಮಾಡುವ ಕೆಲಸ ಶುರುವಾಗಿತ್ತು. ಹಾಡು ಬೇಕು, ಹಾಡಿದವಳು ಬೇಡ. ಬೇಕಾದರೆ ಅವಳು ಭಕ್ತೆಯಾಗಲಿ, ಶೃಂಗಾರ ದೇವರ ಕಡೆ ತಿರುಗಲಿ ಎನ್ನುವ ಕಾಲ. ಆ ಗಾಳಿಗೆ ಬಾಯಿಯರೂ ಬಾಗಿದರು. ಹೊಟ್ಟೆಪಾಡು, ಮಾನ ಎರಡೂ ಉಳಿಯಬೇಕಿತ್ತು. 1948ರ ಹೊತ್ತಿಗೆ ರಸೂಲನ್ ಬಾಯಿ ಮುಜ್ರಾ ಎಂಬ ಕೋಠಾದ ಹಾಡು-ಕುಣಿತ ಬಿಟ್ಟು ಕೋಠಾದಿಂದ ಹೊರಬಂದರು.

ಇಲ್ಲಿ ನಮ್ಮ ಮನೆಯ ಮಾತನ್ನೂ ಆಡಬೇಕು. ಬಾನುಲಿಯಲ್ಲಿ ಕೂತು ಬಾನುಲಿಯ ಬಗ್ಗೆ ಸುಮ್ಮನಿದ್ದರೆ ನ್ಯಾಯವಾಗದು. 1946ರ ಮಧ್ಯಂತರ ಸರ್ಕಾರದಲ್ಲಿ ಸರ್ದಾರ್ ಪಟೇಲರು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದಾಗ, ಯಾರ ಖಾಸಗಿ ಬದುಕು ಊರ ಬಾಯಿಗೆ ಬಿದ್ದಿದೆಯೋ ಅಂಥವರಿಗೆ ರೇಡಿಯೋದಲ್ಲಿ ಹಾಡಲು ಅವಕಾಶವಿಲ್ಲ ಎಂಬ ಸೂಚನೆ ಹೊರಟಿತು. ಮಾತು ಯಾರನ್ನು ಕುರಿತದ್ದೆಂದು ಎಲ್ಲರಿಗೂ ಗೊತ್ತಿತ್ತು. 1952ರಿಂದ ಹತ್ತು ವರ್ಷ ಅದೇ ಖಾತೆಯ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳಿಗೇ ಬಾಗಿಲು ಹಾಕಿ ಕೇಳುಗರನ್ನು ರೇಡಿಯೋ ಸಿಲೋನಿನ ಕಡೆ ಓಡಿಸಿದ್ದು ಹಿರಿಯರಿಗೆ ನೆನಪಿದೆ. ಆ ವರ್ಷಗಳಲ್ಲಿ ಎಷ್ಟೋ ಬಾಯಿಯರು ಹೆಸರಿನ ಮುಂದಿನ ಬಾಯಿ ಕಳಚಿ ದೇವಿಯಾದರು, ಬೇಗಂ ಆದರು. ರಸೂಲನ್ ಮಾತ್ರ ಬಾಯಿಯಾಗಿಯೇ ಉಳಿದರು. ರೇಡಿಯೋ ನಿಲಯದ ಗೋಡೆಯ ಮೇಲಿನ ಗಾಯಕಿಯರ ಚಿತ್ರಗಳನ್ನು ನೋಡಿ, ಎಲ್ಲರೂ ದೇವಿಯರಾದರು, ಬಾಯಿ ಎಂದು ಉಳಿದವಳು ತಾನೊಬ್ಬಳೇ ಎಂದು ಆಕೆ ನಕ್ಕರೆಂಬ ಕಥೆ ಸಂಗೀತಗಾರರ ಬಾಯಲ್ಲಿ ಇಂದಿಗೂ ಓಡಾಡುತ್ತದೆ.

ಹಾಗೆಂದು ರೇಡಿಯೋವನ್ನು ಬರೀ ಬಯ್ಯುವುದೂ ಸುಳ್ಳಾದೀತು. ಲಖನೌ, ಅಲಹಾಬಾದ್ ನಿಲಯಗಳಿಂದ ರಸೂಲನ್ ಬಾಯಿ ಹಾಡಿದರು. ಕಾಶಿಯ ಗಿರಿಜಾ ದೇವಿಯವರನ್ನು 1949ರಲ್ಲಿ ಮೊದಲು ನಾಡಿಗೆ ಕೇಳಿಸಿದ್ದು ಅಲಹಾಬಾದ್ ನಿಲಯವೇ. ಸಿದ್ಧೇಶ್ವರಿ ದೇವಿಯವರ ಎಷ್ಟೋ ಗಾಯನ ಉಳಿದದ್ದು ಆಕಾಶವಾಣಿಯ ಟೇಪುಗಳಲ್ಲಿ. ಬಾಗಿಲು ಹಾಕಿದ ಮನೆಯೇ ಒಳಗೆ ಬಂದದ್ದನ್ನು ಕಾಪಾಡಿಯೂ ಇಟ್ಟಿತು. ಆಮೇಲೆ ಆ ದಾಸ್ತಾನಿನಿಂದ ಒಂದಿಷ್ಟನ್ನು ಸಿ.ಡಿ.ಗಳಾಗಿ ಹೊರಗೂ ತಂದಿತು. ‘ಆಕಾಶವಾಣಿ’ ಎಂಬ ಹೆಸರೇ ನಮ್ಮ ಮೈಸೂರಿನದು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರುಮಾಡಿದ ನಿಲಯದ ಹೆಸರು ಅದು. ರಸೂಲನ್ ಬಾಯಿಯ ಪ್ಲೇಟು ಬಂದದ್ದೂ ಅದೇ ವರ್ಷ.

ಶಬ್ದ ಕತ್ತರಿಸಿದ್ದನ್ನು ಪತ್ತೆಹಚ್ಚಿ ಮರಳಿ ಜೋಡಿಸಿದ ಕೆಲಸ ನಮ್ಮವರಿಗೂ ಹೊಸದಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತೆಲುಗಿನ ಮುದ್ದುಪಳನಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಓದಿ, ಆಗಿನ ಮುದ್ರಣದಲ್ಲಿ ಕವಯಿತ್ರಿಯ ಪರಿಚಯ, ಶೃಂಗಾರದ ಪದ್ಯಗಳು ಕಾಣೆಯಾಗಿರುವುದನ್ನು ಕಂಡುಕೊಂಡರು. ಹಸ್ತಪ್ರತಿ ಹುಡುಕಿ ಪೂರ್ಣಪಾಠವನ್ನು 1910ರಲ್ಲಿ ಪ್ರಕಟಿಸಿದರು. ಸರ್ಕಾರ ಮರುವರ್ಷ ಅದನ್ನು ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೆಗೆಯಲು ಸ್ವಾತಂತ್ರ್ಯದ ಹೊಸ್ತಿಲಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ ಟಂಗುಟೂರಿ ಪ್ರಕಾಶಂ ಬರಬೇಕಾಯಿತು. ಸ್ವತಃ ದೇವದಾಸಿ ಮನೆತನದ, ದೊಡ್ಡ ಗಾಯಕಿಯಾದ ನಾಗರತ್ನಮ್ಮನವರಿಗೆ ಆ ಕತ್ತರಿಯ ಅರ್ಥ ಯಾರೂ ವಿವರಿಸಬೇಕಿರಲಿಲ್ಲ. ಅದೇ ಕೈ ಮುಂದೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿತು ಎನ್ನುವುದನ್ನೂ ನೆನಪಿಡಬೇಕು. ಭಕ್ತಿ, ಶೃಂಗಾರ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರಬಲ್ಲವು.

ಆದ್ದರಿಂದ ತಡವಾಗಿ ಕೇಳುವವರಿಗೆ ಒಂದು ಅನುಕೂಲವಿದೆ ಎಂದು ನಾನು ಹೇಳುತ್ತೇನೆ. 1935ರಲ್ಲಿ ಆ ಪ್ಲೇಟು ಕೊಂಡವನಿಗೆ ರಸೂಲನ್ ಬಾಯಿ ಎಂದರೆ ಕೋಠಾ ಕಣ್ಣಮುಂದೆ ಬರುತ್ತಿತ್ತು. ಐವತ್ತರ ದಶಕದವನಿಗೆ ನಾಚಿಕೆ ಅಡ್ಡ ಬಂತು. ನಮಗೆ ಎರಡೂ ಇಲ್ಲ, ಅಥವಾ ಇರಬೇಕಾಗಿಲ್ಲ. ಬರೀ ದನಿಯೊಂದೇ ಎದುರಿಗಿದೆ. ಕಳೆದುಕೊಂಡದ್ದೂ ಉಂಟು: ಎದುರು ಕೂತು ಕೇಳುವ ಸುಖ, ಆಕೆಯ ಕೈಯ ಆಡಿಕೆ, ಸಾಲಿನ ನಡುವೆ ಎಸೆದ ನೋಟ. ತಟ್ಟೆಯ ಸರಸರ ಸದ್ದಿನ ಹಿಂದೆ ಅದನ್ನೆಲ್ಲ ಊಹಿಸಿಕೊಳ್ಳಬೇಕು.

ಹಳೆಯ ಪ್ಲೇಟು ಕೇಳುಗನಿಗೆ ಏನು ಮಾಡೀತು ಎಂಬುದಕ್ಕೆ ಗದಗಿನ ಸಾಕ್ಷಿ ಸಾಕು. ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮ್ರಿಯ ಪ್ಲೇಟನ್ನು ಅಂಗಡಿಯ ಮುಂದೆ ನಿಂತು ಕೇಳಿದ ಶಾಲೆಯ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟ. ಸುತ್ತಿ ಬಳಸಿ ಕೊನೆಗೆ ಸಿಕ್ಕ ಗುರು ಕುಂದಗೋಳದ ಸವಾಯಿ ಗಂಧರ್ವರು, ಆ ಪ್ಲೇಟಿನ ಗಾಯಕರ ಶಿಷ್ಯರೇ. ಇನ್ನೊಂದು ಕೌತುಕ ಗಂಗೂಬಾಯಿ ಹಾನಗಲ್ಲರದು. ಅವರ ಗಂಡುದನಿಯ ಖಯಾಲು ಕೇಳಿ ಬೆಳೆದವರು ಮೂವತ್ತರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಪ್ಲೇಟುಗಳನ್ನು ಕೇಳಿದರೆ ಇವರೇ ಅವರು ಎಂದು ನಂಬುವುದಿಲ್ಲ. ತೆಳು, ಎತ್ತರ, ಚುರುಕು ದನಿ. ಗಂಟಲಿನ ತೊಂದರೆ ಮತ್ತು ಅದರ ಚಿಕಿತ್ಸೆಯ ಮೇಲೆ ದನಿ ಒಡೆದು ದಪ್ಪವಾಯಿತು. ಕಳೆದುಹೋದ ಆ ದನಿಗೆ ಇರುವ ಗುರುತು ಆ ತಟ್ಟೆಗಳಷ್ಟೆ. ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿಯವರನ್ನು ರಹಮತ್ ತರೀಕೆರೆಯವರು ಹುಡುಕಿ ಪುಸ್ತಕ ಬರೆಯದಿದ್ದರೆ ಅವರೂ ನಮಗೆ ಮುಂಬಯಿಯ ಯಾವುದೋ ಹಳೆಯ ಹೆಸರಾಗಿ ಉಳಿಯುತ್ತಿದ್ದರು.

ರಸೂಲನ್ ಬಾಯಿಗೆ 1957ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 1969ರ ಅಹಮದಾಬಾದಿನ ಗಲಭೆಯಲ್ಲಿ ಅಲ್ಲಿದ್ದ ಆಕೆಯ ಮನೆ ಸುಟ್ಟುಹೋಯಿತು. 1974ರ ಅಕ್ಟೋಬರ್ 30ರಂದು ಗಾಯಕಿ ಬೇಗಂ ಅಖ್ತರ್ ತೀರಿಕೊಂಡಾಗ ದೇಶವೇ ಮರುಗಿತು. ಆರೂವರೆ ವಾರದ ಮೇಲೆ, ಡಿಸೆಂಬರ್ 15ರಂದು ರಸೂಲನ್ ಬಾಯಿ ಹೋದರು. ಹೆಚ್ಚು ಜನ ಗಮನಿಸಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮೈಸೂರು ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಅರಗಿನ ಪ್ಲೇಟುಗಳಿವೆ. ಗುಜರಿಗೆ ಹಾಕುವ ಮೊದಲು ಒಮ್ಮೆ ಲೇಬಲ್ ಓದಿ. ಗಾಯಕರ ಹೆಸರು, ರಾಗ, ಲೇಬಲಿನ ಮೇಲಿನ ಸಂಖ್ಯೆ, ಅದರ ಪಕ್ಕದ ಕರಿ ಜಾಗದಲ್ಲಿ ಒತ್ತಿರುವ ಇನ್ನೊಂದು ಸಂಖ್ಯೆ, ಇಷ್ಟನ್ನು ಬರೆದಿಡಿ, ಫೋಟೋ ತೆಗೆದಿಡಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿ. ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿನಲ್ಲಿ ಮತ್ತೆ ಮತ್ತೆ ಹಾಕಿ ಸವೆಸಬೇಡಿ. 78ರ ಪ್ಲೇಟಿಗೆಂದೇ ಇರುವ ಮುಳ್ಳಿನಿಂದ ಒಮ್ಮೆ ಡಿಜಿಟಲ್ ಮಾಡಿಸಿಕೊಳ್ಳಿ, ಅಥವಾ ಸಂಗ್ರಹಕಾರರಿಗೆ ಕೊಡಿ. ಧೂಳಿದ್ದರೆ ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ಮಾತ್ರ ಹಚ್ಚಬೇಡಿ, ಅರಗು ಸ್ಪಿರಿಟಿನಲ್ಲಿ ಕರಗುತ್ತದೆ.